ಅಣು ಅಳಿದರೂ ನೆನಪು ಉಳಿಯುವುದು ಹೇಗೆ?

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೇಮ್ಸ್ ಮೆಕಾನಲ್ ಪ್ಲನೇರಿಯಾ ಎಂಬ ಸಣ್ಣ ಚಪ್ಪಟೆ ಹುಳುಗಳಿಗೆ ಪಾಠ ಕಲಿಸಲು ಹೊರಟಿದ್ದರು. ದೀಪ ಹೊತ್ತಿಸುವುದು, ಹಿಂದೆಯೇ ವಿದ್ಯುತ್ತಿನ ಸಣ್ಣ ಆಘಾತ ಕೊಡುವುದು. ಮತ್ತೆ ಮತ್ತೆ ಹೀಗೆ ಮಾಡಿದ ಮೇಲೆ ಬರೀ ಬೆಳಕಿಗೇ ಹುಳು ಮೈ ಮುದುಡಿಕೊಳ್ಳುತ್ತಿತ್ತು. ಈ ಹುಳುವನ್ನು ಎರಡು ತುಂಡು ಮಾಡಿದರೆ ಎರಡೂ ಪೂರ್ಣ ಹುಳುಗಳಾಗಿ ಬೆಳೆಯುತ್ತವೆ. ಬಾಲದ ತುಂಡಿನಿಂದ ಹೊಸ ತಲೆ ಮೂಡಿಸಿಕೊಂಡ ಹುಳುವಿಗೂ ಪಾಠ ನೆನಪಿದೆ ಎಂದರು ಮೆಕಾನಲ್. 1962ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಲಿತ ಹುಳುಗಳನ್ನು ಕಲಿಯದವುಗಳಿಗೆ ತಿನ್ನಿಸಿದರೆ ಪಾಠವೂ ದಾಟುತ್ತದೆ ಎಂದು ಪ್ರಕಟಿಸಿದರು.

ಈಗ ಕೇಳಿದರೆ ನಂಬಲಾಗದ ಮಾತು. ಆದರೆ ಆ ಕಾಲವನ್ನು ನೆನೆಯಬೇಕು. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ದಶಕಗಳ ಕಾಲ ಇಲಿಗಳ ಮಿದುಳಿನ ಹೊರಪದರವನ್ನು ಅಲ್ಲಲ್ಲಿ ಕತ್ತರಿಸಿ ನೆನಪಿನ ನೆಲೆ ಹುಡುಕಿದ್ದರು. ಅದು ಒಂದೇ ಜಾಗದಲ್ಲಿ ಸಿಗದೆ 1950ರಲ್ಲಿ ಕೈಚೆಲ್ಲಿದ್ದರು. ಮೂರೇ ವರ್ಷಕ್ಕೆ ಡಿಎನ್‌ಎ ರಚನೆ ಹೊರಬಿತ್ತು. ವಂಶದ ಮಾಹಿತಿಯನ್ನು ಒಂದು ಅಣು ಕಾಪಾಡಬಲ್ಲದಾದರೆ, ಬದುಕಿನಲ್ಲಿ ಕಲಿತದ್ದನ್ನು ಇನ್ನೊಂದು ಅಣು ಏಕೆ ಕಾಪಾಡಬಾರದು? ಸ್ವೀಡನ್ನಿನ ಹೋಲ್ಗರ್ ಹೈಡೆನ್, ತಂತಿಯ ಮೇಲೆ ನಡೆಯಲು ಕಲಿತ ಇಲಿಗಳ ನರಕೋಶಗಳಲ್ಲಿ ಡಿಎನ್‌ಎಯ ಬಂಧುವಾದ ಆರ್‌ಎನ್‌ಎ ಎಂಬ ಅಣು ಬದಲಾದದ್ದನ್ನು ವರದಿ ಮಾಡಿದಾಗ ಈ ಆಸೆಗೆ ರೆಕ್ಕೆ ಬಂತು. ಹ್ಯೂಸ್ಟನ್ನಿನ ಜಾರ್ಜ್ ಉಂಗಾರ್, ಕತ್ತಲೆಗೆ ಹೆದರುವಂತೆ ತರಬೇತಿ ಪಡೆದ ಸಾವಿರಾರು ಇಲಿಗಳ ಮಿದುಳಿನಿಂದ 15 ಅಮೈನೋ ಆಮ್ಲಗಳ ಒಂದು ಸರಪಳಿಯನ್ನು ಬೇರ್ಪಡಿಸಿ, ಅದಕ್ಕೆ ಸ್ಕೋಟೋಫೋಬಿನ್ ಎಂದು ಹೆಸರಿಟ್ಟರು. ಅದನ್ನು ಚುಚ್ಚಿದರೆ ಬೇರೆ ಪ್ರಾಣಿಯೂ ಕತ್ತಲೆಗೆ ಹೆದರುತ್ತದೆ ಎಂಬುದು ಅವರ ವಾದ. 1972ರಲ್ಲಿ ‘ನೇಚರ್’ ಪತ್ರಿಕೆ ಆ ಲೇಖನವನ್ನೂ ಅದರ ಕಟುವಾದ ವಿಮರ್ಶೆಯನ್ನೂ ಒಟ್ಟಿಗೇ ಅಚ್ಚು ಹಾಕಿತು.

ಇಂಥ ವರ್ಗಾವಣೆ ಬೇರೆಯವರ ಪ್ರಯೋಗಾಲಯಗಳಲ್ಲಿ ನಡೆಯಲಿಲ್ಲ. 1966ರಲ್ಲೇ 23 ವಿಜ್ಞಾನಿಗಳು ಒಟ್ಟಾಗಿ ಸಹಿ ಮಾಡಿ ಹಾಗೆಂದು ಬರೆದಿದ್ದರು. ಉಂಗಾರ್ 1977ರಲ್ಲಿ ತೀರಿಕೊಂಡರು, ಸ್ಕೋಟೋಫೋಬಿನ್ ಕೂಡ ಅಲ್ಲಿಗೇ ಮುಗಿಯಿತು. ಆದರೂ ಮೆಕಾನಲ್ ಅವರನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. 2013ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಟಾಲ್ ಶೊಮ್ರಾತ್ ಮತ್ತು ಮೈಕಲ್ ಲೆವಿನ್, ಯಂತ್ರಗಳ ನಿಗಾದಲ್ಲಿ ತರಬೇತಿ ಕೊಟ್ಟ ಹುಳುಗಳ ತಲೆ ಕತ್ತರಿಸಿ, ಹೊಸ ತಲೆ ಬೆಳೆದ ಮೇಲೆ ಪರೀಕ್ಷಿಸಿದರು. ಚಿಕ್ಕದೊಂದು ಮರುಪಾಠ ಸಿಕ್ಕರೆ ಅವು ಹಳೆಯದನ್ನು ಬೇಗ ಹಿಡಿದುಕೊಂಡವು.

ಗಟ್ಟಿಯಾದ ದಾರಿ ತೆರೆದದ್ದು ಅಪ್ಲೀಸಿಯಾ ಎಂಬ ಕಡಲ ಜೀವಿ. ಚಿಪ್ಪಿನ ಬಸವನಹುಳುವಿನ ಈ ನೆಂಟನಿಗೆ ಇರುವುದು ಸುಮಾರು 20,000 ನರಕೋಶ, ಕೆಲವಂತೂ ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಮೈ ಮುಟ್ಟಿದರೆ ಅದು ಕಿವಿರನ್ನು ಒಳಗೆಳೆದುಕೊಳ್ಳುತ್ತದೆ. ಬಾಲಕ್ಕೆ ಒಂದು ಆಘಾತ ಕೊಟ್ಟರೆ ಕೆಲವು ನಿಮಿಷ ಜೋರಾಗಿ ಎಳೆದುಕೊಳ್ಳುತ್ತದೆ, ಆಮೇಲೆ ಮರೆಯುತ್ತದೆ. ಅದೇ ಆಘಾತವನ್ನು ನಡುನಡುವೆ ಬಿಡುವು ಕೊಟ್ಟು ಹಲವು ಸಲ ಕೊಟ್ಟರೆ ದಿನಗಟ್ಟಲೆ ಮರೆಯುವುದಿಲ್ಲ. ಈ ವ್ಯತ್ಯಾಸದ ಜಾಡನ್ನು ನರವಿಜ್ಞಾನಿ ಎರಿಕ್ ಕ್ಯಾಂಡೆಲ್ ಅಣುಗಳವರೆಗೂ ಹಿಡಿದರು. ಒಂದೇ ಆಘಾತವಾದರೆ ಸೆರೊಟೋನಿನ್ ಎಂಬ ನರಸಂದೇಶದ ರಾಸಾಯನಿಕ ಬಂದು, ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ಅಣು ಏರಿ, ನರಕೋಶಗಳ ನಡುವೆ ಇರುವ ಸಂಪರ್ಕವೇ ತುಸು ಹೊತ್ತು ಬಲಗೊಳ್ಳುತ್ತದೆ. ಮರುಕಳಿಸಿದರೆ ಸಂದೇಶ ಕೋಶಕೇಂದ್ರ ಸೇರಿ, ಕ್ರೆಬ್ ಎಂಬ ಪ್ರೋಟೀನ್ ಜೀನುಗಳನ್ನು ಎಬ್ಬಿಸಿ, ಹೊಸ ಪ್ರೋಟೀನುಗಳು ತಯಾರಾಗಿ ಹೊಸ ಸಂಪರ್ಕಗಳೇ ಮೂಡುತ್ತವೆ. 2000ದಲ್ಲಿ ಕ್ಯಾಂಡೆಲ್ ನೊಬೆಲ್ ಹಂಚಿಕೊಂಡರು. ಅಂದರೆ ಕತ್ತಲೆಯ ಭಯಕ್ಕೊಂದು, ಬೆಳಕಿನ ಭಯಕ್ಕೊಂದು ಎಂದು ಬೇರೆಬೇರೆ ಅಣುಗಳಿಲ್ಲ. ಅಣುಗಳು ಎಲ್ಲ ನೆನಪಿಗೂ ಅವೇ. ಯಾವ ಕೋಶಗಳ ನಡುವಿನ ಸಂಪರ್ಕ ಬಲಗೊಂಡಿತು ಎಂಬುದಷ್ಟೇ ಬೇರೆ. ಈ ವ್ಯವಸ್ಥೆ ನರಕೋಶದ ಸ್ವಂತ ಆಸ್ತಿಯೂ ಅಲ್ಲ: 2024ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡವೊಂದು ಮೂತ್ರಪಿಂಡದ ಕೋಶಗಳೂ ಬಿಡುವು ಕೊಟ್ಟು ಬಂದ ಸಂದೇಶಗಳಿಗೆ ಹೆಚ್ಚು ಕಾಲ ಸ್ಪಂದಿಸುತ್ತವೆ ಎಂದು ತೋರಿಸಿತು.

ಇಷ್ಟಾದರೂ ಒಂದು ತೊಡಕು ಉಳಿಯಿತು, ನನ್ನ ಪ್ರಕಾರ ಇಡೀ ವಿಷಯದ ತಿರುಳೇ ಅದು. ಸಂಪರ್ಕವನ್ನು ಬಲವಾಗಿಟ್ಟಿರುವ ಪ್ರೋಟೀನುಗಳಲ್ಲಿ ಬಹುಪಾಲು ಕೆಲವು ದಿನ, ಕೆಲವು ವಾರಗಳಲ್ಲಿ ಒಡೆದುಹೋಗುತ್ತವೆ. ನೆನಪು ಮಾತ್ರ ಎಪ್ಪತ್ತು ವರ್ಷ ಬಾಳುತ್ತದೆ. ಡಿಎನ್‌ಎ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್ 1984ರಲ್ಲಿ ಈ ಪ್ರಶ್ನೆ ಎತ್ತಿ, ಒಂದು ಉಪಾಯವನ್ನೂ ಊಹಿಸಿದರು: ಅಣುಗಳು ಜೋಡಿಯಾಗಿಯೋ ಗುಂಪಾಗಿಯೋ ಇದ್ದು ಒಂದೊಂದಾಗಿ ಬದಲಾದರೆ, ಉಳಿದವು ಹೊಸದಕ್ಕೂ ತಮ್ಮ ಸ್ಥಿತಿಯನ್ನೇ ದಾಟಿಸಬಹುದು. ಹಾಡು ನಡೆಯುತ್ತಿರುವಾಗಲೇ ಮೇಳದಲ್ಲಿ ಒಬ್ಬೊಬ್ಬರೇ ಬದಲಾದರೂ, ಹೊಸಬರು ಪಕ್ಕದವರ ದನಿ ಹಿಡಿದು ಮುಂದುವರಿಸುವ ಹಾಗೆ.

ಆ ಜೋಡಿ ಯಾವುದು? ನ್ಯೂಯಾರ್ಕಿನ ಬ್ರೂಕ್ಲಿನ್ನಿನ ನರವಿಜ್ಞಾನಿ ಟಾಡ್ ಸ್ಯಾಕ್ಟರ್ ಪಿಕೆಎಂ-ಝೀಟಾ ಎಂಬ ಕಿಣ್ವದ ಬೆನ್ನು ಹತ್ತಿದರು. 2006ರಲ್ಲಿ ಅದನ್ನು ತಡೆಯುವ ಔಷಧಿ ಕೊಟ್ಟಾಗ ಇಲಿಗಳ ನೆನಪು ಅಳಿಸಿತು. 2013ರಲ್ಲಿ ಎರಡು ತಂಡಗಳು ಆ ಕಿಣ್ವವೇ ಇಲ್ಲದ ಇಲಿಗಳನ್ನು ಸೃಷ್ಟಿಸಿದವು; ಅವುಗಳಿಗೂ ನೆನಪು ಚೆನ್ನಾಗಿತ್ತು, ಆ ಔಷಧಿ ಅವುಗಳಲ್ಲೂ ಕೆಲಸ ಮಾಡಿತು. ವಾದ ಕುಸಿದೇಹೋಯಿತು ಎಂದರು ಹಲವರು. ಸ್ಯಾಕ್ಟರ್ ಬಿಡಲಿಲ್ಲ. ಕಿಣ್ವ ಹುಟ್ಟಿನಿಂದಲೇ ಇಲ್ಲವಾದಾಗ ಅದರ ಹತ್ತಿರದ ಬಂಧುವೊಂದು ಆ ಕೆಲಸ ವಹಿಸಿಕೊಳ್ಳುತ್ತದೆ ಎಂದು 2016ರಲ್ಲಿ ತೋರಿಸಿದರು. 2024ರಲ್ಲಿ ಆಂಡ್ರೆ ಫೆಂಟನ್ ಮೊದಲಾದವರ ಜೊತೆ ಸೇರಿ ಕಿಬ್ರಾ ಎಂಬ ಇನ್ನೊಂದು ಪ್ರೋಟೀನನ್ನು ಮುಂದಿಟ್ಟರು. ಬಲಗೊಂಡ ಸಂಪರ್ಕಗಳಿಗೆ ಕಿಬ್ರಾ ಅಂಟಿಕೊಳ್ಳುತ್ತದೆ, ಪಿಕೆಎಂ-ಝೀಟಾವನ್ನು ಅಲ್ಲೇ ಹಿಡಿದಿಡುತ್ತದೆ. ಇವೆರಡರ ಬೆಸುಗೆ ಬಿಡಿಸಿದರೆ ಒಂದು ತಿಂಗಳ ಹಳೆಯ ನೆನಪೂ ಇಲಿಗಳಲ್ಲಿ ಅಳಿಸಿತು; ಪಿಕೆಎಂ-ಝೀಟಾ ಇಲ್ಲದ ಇಲಿಗಳಿಗೆ ಮಾತ್ರ ಏನೂ ಆಗಲಿಲ್ಲ. ಕಿಬ್ರಾ ಜೀನು ಮನುಷ್ಯರಲ್ಲೂ ಇದೆ. ಅದರ ರೂಪಭೇದಕ್ಕೂ ನೆನಪಿನ ಪರೀಕ್ಷೆಗಳಲ್ಲಿನ ಸಾಮರ್ಥ್ಯಕ್ಕೂ ನಂಟಿದೆ ಎಂದು 2006ರಲ್ಲೇ ವರದಿಯಾಗಿತ್ತು.