ಹತ್ತು ಲಕ್ಷದ ಲೆಕ್ಕ ಬಂದದ್ದು ಎಲ್ಲಿಂದ?

ಹಿರೋಶಿಮಾ ವಿಷಯ ಬಂದರೆ ಒಂದು ವಾದ ತಪ್ಪದೆ ಕೇಳಿಸುತ್ತದೆ. ಅಣುಬಾಂಬ್ ಹಾಕದಿದ್ದರೆ ಅಮೆರಿಕದ ಸೇನೆ ಜಪಾನಿಗೆ ನುಗ್ಗಬೇಕಿತ್ತು, ಹತ್ತು ಲಕ್ಷ ಸೈನಿಕರು ಸಾಯುತ್ತಿದ್ದರು, ಬೇರೆ ದಾರಿ ಇರಲಿಲ್ಲ ಅಂತ. 1945ರಲ್ಲಿ ಅಧ್ಯಕ್ಷ ಟ್ರೂಮನ್ ಈ ಲೆಕ್ಕವನ್ನು ತೂಗಿ ನೋಡಿಯೇ ತೀರ್ಮಾನ ಮಾಡಿದರು ಅಂತ ನಾವೂ ಅಂದುಕೊಳ್ಳುತ್ತೇವೆ, ಅಲ್ವಾ?

ಆ ಬೇಸಿಗೆಯ ದಾಖಲೆಗಳನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ಜೂನ್ 18ರಂದು ವೈಟ್ ಹೌಸ್ ಸಭೆಯಲ್ಲಿ ಜಪಾನಿನ ಕ್ಯೂಶೂ ದ್ವೀಪದ ಮೇಲಿನ ದಾಳಿಯ ಚರ್ಚೆ ನಡೆಯಿತು. ಫಿಲಿಪೀನ್ಸ್‌ನ ಲೂಜಾನ್ ಕದನದಲ್ಲಿ ಅಮೆರಿಕದ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 31,000. ಕ್ಯೂಶೂ ದಾಳಿಯ ಮೊದಲ 30 ದಿನಗಳ ನಷ್ಟ ಅದಕ್ಕಿಂತ ಜಾಸ್ತಿ ಆಗಲಾರದು ಅಂತ ಸೇನಾ ಮುಖ್ಯಸ್ಥ ಜನರಲ್ ಮಾರ್ಷಲ್ ಹೇಳಿದರು. ಇದಕ್ಕಿಂತ ಎಷ್ಟೋ ದೊಡ್ಡ ಅಂದಾಜುಗಳೂ ಸರ್ಕಾರದೊಳಗೆ ಓಡಾಡುತ್ತಿದ್ದವು ಎನ್ನಿ. ಆದರೆ 'ಬಾಂಬೋ, ದಾಳಿಯೋ' ಅಂತ ಎರಡರಲ್ಲಿ ಒಂದನ್ನು ಆರಿಸುವ ಸಭೆ ನಡೆಯಲೇ ಇಲ್ಲ. ಎರಡಕ್ಕೂ ಒಟ್ಟಿಗೇ ತಯಾರಿ ನಡೆದಿತ್ತು.

ಚರ್ಚೆ ಇದ್ದದ್ದು ಎಲ್ಲಿ, ಹೇಗೆ ಹಾಕುವುದು ಎಂಬುದರ ಮೇಲೆ. ಮೇ 31ರ ಸಭೆಯಲ್ಲಿ ಯುದ್ಧ ಸಚಿವ ಸ್ಟಿಮ್ಸನ್ ಒಂದು ಅಭಿಪ್ರಾಯಕ್ಕೆ ಬಂದರು: ಮುನ್ನೆಚ್ಚರಿಕೆ ಕೊಡಬಾರದು, ಸುತ್ತ ಕಾರ್ಮಿಕರ ಮನೆಗಳಿರುವ ದೊಡ್ಡ ಕಾರ್ಖಾನೆಯೇ ಒಳ್ಳೆಯ ಗುರಿ. ಇದನ್ನು ಒಪ್ಪಿದ ಅದೇ ಸ್ಟಿಮ್ಸನ್, ಕ್ಯೋಟೋ ನಗರವನ್ನು ಮಾತ್ರ ಹಟ ಹಿಡಿದು ಪಟ್ಟಿಯಿಂದ ತೆಗೆಸಿದರು. (ಅಲ್ಲಿಗೆ ಹನಿಮೂನಿಗೆ ಹೋಗಿದ್ದರು, ಅದಕ್ಕೇ ಉಳಿಸಿದರು ಅನ್ನುವುದು ಸುಮ್ನೆ ಕಟ್ಟುಕಥೆ. ಅವರ ಮದುವೆ ಆದದ್ದು 1893ರಲ್ಲಿ, ಕ್ಯೋಟೋ ನೋಡಿದ್ದು 1920ರ ದಶಕದಲ್ಲಿ.) ವಿಜ್ಞಾನಿ ಲಿಯೋ ಸಿಲಾರ್ಡ್ ಬಾಂಬ್ ಬಳಕೆಯ ಬಗ್ಗೆ ಎಚ್ಚರಿಸಿ, 70 ಜನರ ಸಹಿ ಹಾಕಿಸಿ ಬರೆದ ಮನವಿ ಟ್ರೂಮನ್ ಕೈಗೆ ತಲುಪಲೇ ಇಲ್ಲ.

ಜುಲೈ 25ರ ಆದೇಶದಲ್ಲಿ ಎರಡನೇ ಬಾಂಬಿಗೂ ಅನುಮತಿ ಸೇರಿತ್ತು: ಬಾಂಬ್ ಸಿದ್ಧವಾದ ಹಾಗೆ ಹಾಕುತ್ತಾ ಹೋಗಿ, ಅಷ್ಟೆ. ಆಗಸ್ಟ್ 9ರಂದು ಕೊಕುರಾ ನಗರ ಮಬ್ಬಿನಲ್ಲಿ ಕಾಣದೆ ವಿಮಾನ ನಾಗಸಾಕಿಗೆ ತಿರುಗಿತು. ಮರುದಿನವಷ್ಟೇ ಟ್ರೂಮನ್, ತನ್ನನ್ನು ಕೇಳದೆ ಇನ್ನೊಂದು ಹಾಕಬೇಡಿ ಅಂದರು. ಹಿರೋಶಿಮಾದ ಪರ ಏನೇ ವಾದ ಹೂಡಿದರೂ ನಾಗಸಾಕಿಯ ವಿಷಯದಲ್ಲಿ ಅದು ನಿಲ್ಲುವುದು ಕಷ್ಟ ಅಂತ ನನಗೆ ಅನ್ನಿಸುವುದು ಇದಕ್ಕೇ.

ಹಾಗಾದರೆ ಹತ್ತು ಲಕ್ಷ? ಯುದ್ಧ ಮುಗಿದ ಕೂಡಲೇ ಚರ್ಚಿಲ್ ಅದನ್ನು ಬ್ರಿಟಿಷ್ ಸಂಸತ್ತಿನಲ್ಲಿ ಹೇಳಿದ್ದರು. ಆದರೆ ಅದು ಬೇರೂರಿದ್ದು 1947ರಲ್ಲಿ. ಹಿಂದಿನ ವರ್ಷವಷ್ಟೇ ಅಮೆರಿಕ ಸರ್ಕಾರದ್ದೇ ಬಾಂಬ್ ದಾಳಿ ಸಮೀಕ್ಷೆ, ಬಾಂಬ್ ಇಲ್ಲದಿದ್ದರೂ ಜಪಾನ್ 1945 ಮುಗಿಯುವುದರೊಳಗೆ ಶರಣಾಗುತ್ತಿತ್ತು ಎಂದಿತ್ತು. ಪತ್ರಕರ್ತ ಜಾನ್ ಹರ್ಸಿ ಬರೆದ ಹಿರೋಶಿಮಾ ವರದಿ ಓದಿ ಜನ ಕಂಗಾಲಾಗಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಕೊನಂಟ್ ಮುಂತಾದವರ ಒತ್ತಾಯಕ್ಕೆ ಸ್ಟಿಮ್ಸನ್ 'ಹಾರ್ಪರ್ಸ್' ಪತ್ರಿಕೆಯಲ್ಲಿ ಬರೆದರು: ಅಮೆರಿಕದ ಕಡೆಯೇ ಹತ್ತು ಲಕ್ಷಕ್ಕೂ ಹೆಚ್ಚು ಸಾವುನೋವು ಆಗಬಹುದಿತ್ತು ಅಂತ. ಗಾಯಾಳುಗಳೂ ಸೇರಿದ್ದ ಆ ಲೆಕ್ಕ ಬಾಯಿಂದ ಬಾಯಿಗೆ ದಾಟುತ್ತಾ ಬರೀ ಸತ್ತವರ ಲೆಕ್ಕವಾಯಿತು.

ಜಪಾನಿನಲ್ಲಿ ಇದೇ ಪ್ರಶ್ನೆ ಕೋರ್ಟಿಗೆ ಹೋಯಿತು. ಯುದ್ಧಾನಂತರದ ಶಾಂತಿ ಒಪ್ಪಂದದಲ್ಲಿ ಜಪಾನ್ ಅಮೆರಿಕದಿಂದ ಪರಿಹಾರ ಕೇಳುವ ಹಕ್ಕನ್ನೇ ಬಿಟ್ಟುಕೊಟ್ಟಿತ್ತು. ಹಾಗಾಗಿ 1955ರಲ್ಲಿ ಸಂತ್ರಸ್ತರು ತಮ್ಮ ಸರ್ಕಾರದ ಮೇಲೆಯೇ ದಾವೆ ಹೂಡಿದರು. ಬಾಂಬ್ ಬಿದ್ದಾಗ ಇದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಅಂತ ಸ್ವಿಟ್ಜರ್‌ಲೆಂಡ್ ಮೂಲಕ ಪ್ರತಿಭಟಿಸಿದ್ದ ಸರ್ಕಾರ, ಈಗ ಕಟಕಟೆಯಲ್ಲಿ ನಿಂತು, ಅದನ್ನು ನಿಷೇಧಿಸುವ ಕಾನೂನೇ ಇರಲಿಲ್ಲ ಎಂದು ವಾದಿಸಿತು! 1963ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಬಾಂಬ್ ದಾಳಿ ಕಾನೂನುಬಾಹಿರ ಎಂದಿತು. ಪರಿಹಾರ ಮಾತ್ರ ಕೊಡಲಿಲ್ಲ.

1965ರ ಹೊತ್ತಿಗೆ, ಬಾಂಬ್ ಹಾಕಿದ್ದು ಸೋವಿಯತ್ ರಷ್ಯಾವನ್ನು ಹೆದರಿಸಲು ಎಂಬ ವಾದವೂ ಜೋರಾಯಿತು. ಆದರೆ ಸಂಖ್ಯೆಯ ಜಗಳ ತಣ್ಣಗಾಗಲಿಲ್ಲ. ಹಿರೋಶಿಮಾಗೆ ಬಾಂಬ್ ಹಾಕಿದ 'ಎನೋಲಾ ಗೇ' ವಿಮಾನದ ಸುತ್ತ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯ ಒಂದು ಪ್ರದರ್ಶನ ಸಿದ್ಧಪಡಿಸುತ್ತಿತ್ತು. 1995ರ ಜನವರಿಯಲ್ಲಿ ನಿರ್ದೇಶಕ ಮಾರ್ಟಿನ್ ಹಾರ್ವಿಟ್, ದಾಳಿಯಲ್ಲಿ ಆಗಬಹುದಿದ್ದ ಸಾವುನೋವಿನ ಅಂದಾಜನ್ನು 63,000ಕ್ಕೆ ಇಳಿಸುತ್ತೇವೆ ಅಂದರು. ಮಾಜಿ ಸೈನಿಕರ ಸಂಘಟನೆ ಅಮೆರಿಕನ್ ಲೀಜನ್ ಕೆಂಡವಾಯಿತು, ಪ್ರದರ್ಶನವನ್ನೇ ನಿಲ್ಲಿಸಿ ಅಂತ ಪಟ್ಟು ಹಿಡಿಯಿತು. ಜನವರಿ 30ಕ್ಕೆ ಆ ಯೋಜನೆ ರದ್ದಾಯಿತು. ಮೇ ತಿಂಗಳಲ್ಲಿ ಹಾರ್ವಿಟ್ ರಾಜೀನಾಮೆ ಕೊಟ್ಟರು. ವಿಮಾನದ ಮುಂಭಾಗವನ್ನು ಇಟ್ಟು, ವಾದವನ್ನೆಲ್ಲ ಕೈಬಿಟ್ಟ ಚಿಕ್ಕ ಪ್ರದರ್ಶನವೊಂದು ಜೂನ್‌ನಲ್ಲಿ ತೆರೆಯಿತು.