ಬೋರಿಬಂದರಿನಲ್ಲಿ ಹುಟ್ಟಿದ ಡೆಂಕಾಲಿ

ಇಂದ್ರಜಾಲ ಕಾಮಿಕ್ಸ್‌ನ ಮೊದಲ ಸಂಚಿಕೆ ಮುಂಬೈಯಿಂದ ಹೊರಬಂದದ್ದು 1964ರ ಮಾರ್ಚ್‌ನಲ್ಲಿ. ಹೆಸರು ‘ದಿ ಫ್ಯಾಂಟಮ್ಸ್ ಬೆಲ್ಟ್’. ಇಷ್ಟಕ್ಕೆ ಯಾರದೂ ತಕರಾರಿಲ್ಲ. ಇದರಾಚೆ ಏನು ಕೇಳಿದರೂ ವಾದ ಶುರು. ಅದರಲ್ಲಿ ಪೂರ್ತಿ ಕಥೆ ಇತ್ತೋ, ಕತ್ತರಿಸಿದ್ದೋ? ಖಳನ ಹೆಸರು ರಾಮನೋ, ರಾಮಲುವೋ? ಅದರ ಮುಖವಾಡದ ನಾಯಕ ಫ್ಯಾಂಟಮ್ ಇದ್ದದ್ದು ಬಂಗಾಳದಲ್ಲೋ, ಆಫ್ರಿಕಾದಲ್ಲೋ, ಡೆಂಕಾಲಿಯಲ್ಲೋ? ‘ಅಮರ ಚಿತ್ರ ಕಥೆ’ ಕಾಮಿಕ್ಸ್ ಕಟ್ಟಿದ ಕಾರ್ಕಳದ ಅನಂತ ಪೈ ಅವರಿಗೂ ಇದಕ್ಕೂ ಏನು ಸಂಬಂಧ? ಮುಂಬೈಯ ಮಾಟುಂಗದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹುಡುಕುವ ನಮ್ಮ ಕನ್ನಡದವರು ಇಬ್ಬರು ಸೇರಿದರೆ ಈ ಪ್ರಶ್ನೆಗಳಿಗೆ ನಾಲ್ಕು ಉತ್ತರ ಸಿಗುತ್ತವೆ. ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ ನಿಜ ಇರುವುದೇ ತೊಂದರೆ.

ಹಿಂದಿನ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಮೆರಿಕದ ಲೀ ಫಾಕ್ 1936ರ ಫೆಬ್ರವರಿಯಲ್ಲಿ ಪತ್ರಿಕೆಗಳಿಗೆ ದಿನಾ ಒಂದು ಚಿತ್ರಪಟ್ಟಿಯಂತೆ (ಕಾಮಿಕ್ ಸ್ಟ್ರಿಪ್) ಫ್ಯಾಂಟಮ್ ಶುರು ಮಾಡಿದರು. ಅಂದರೆ ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಮೊದಲೇ ಮೈಗಂಟಿದ ಉಡುಪು, ಮುಖಕ್ಕೆ ಮುಖವಾಡ ಹಾಕಿಕೊಂಡ ನಾಯಕ ಬಂದಾಗಿತ್ತು. 1940ರ ದಶಕದಲ್ಲಿ ಮುಂಬೈಯ ‘ಇಲ್ಲಸ್ಟ್ರೇಟೆಡ್ ವೀಕ್ಲಿ’ ಅವನನ್ನು ನಮ್ಮ ದೇಶಕ್ಕೆ ಕರೆತಂತು. ಇಪ್ಪತ್ತು ವರ್ಷ ವಾರಪತ್ರಿಕೆಯಲ್ಲಿ ಓಡಾಡಿದ ಮೇಲೆ, ಆ ಪತ್ರಿಕೆ ತರುತ್ತಿದ್ದ ಟೈಮ್ಸ್ ಆಫ್ ಇಂಡಿಯಾ ಬಳಗವೇ ಅವನಿಗೆ ಸ್ವಂತ ಪುಸ್ತಕ ಮಾಡಿಕೊಟ್ಟಿತು. ಅದೇ ಇಂದ್ರಜಾಲ.

ಗೋಜಲು ಶುರುವಾಗುವುದು ಇಲ್ಲಿಂದ. ‘ಬೆಲ್ಟ್’ ಕಥೆಯನ್ನೇ ನೋಡಿ. ಫ್ಯಾಂಟಮ್ ಪಟ್ಟ ಅಪ್ಪನಿಂದ ಮಗನಿಗೆ ಬರುತ್ತದೆ. ಈಗಿನ ಫ್ಯಾಂಟಮ್ 21ನೆಯವನು. ಅವನ ಅಪ್ಪ 20ನೆಯವನು. ಅಪ್ಪನನ್ನು ಮೋಸದಿಂದ ಕೊಂದು ಬೆಲ್ಟ್ ಕದ್ದವನನ್ನು ಮಗ ಹುಡುಕಿಕೊಂಡು ಹೋಗುತ್ತಾನೆ. ಕಥೆಯೇನೋ ಚೆನ್ನಾಗಿದೆ. ಆದರೆ ಮೂಲದಲ್ಲಿ ಆ ಕೊಲೆಗಾರನ ಹೆಸರು ರಾಮ. ಅವನು ಸೇರಿದ ಕಡಲ್ಗಳ್ಳರ ಗುಂಪಿನ ಹೆಸರು ಸಿಂಗ್. ಇದೆಲ್ಲ ನಡೆಯುವ ನಾಡಿನ ಹೆಸರು ಬೆಂಗಾಲಿ. ನ್ಯೂಯಾರ್ಕಿನಲ್ಲಿ ಕೂತು ಓದುವವನಿಗೆ ಇವು ಬರೀ ಪೂರ್ವದೇಶದ ಶಬ್ದಗಳು. ಮುಂಬೈಯ ಬೋರಿಬಂದರ್ ರೈಲು ನಿಲ್ದಾಣದ ಎದುರಿನ ಟೈಮ್ಸ್ ಕಟ್ಟಡದಲ್ಲಿ ಕೂತವರಿಗೆ ಹಾಗಲ್ಲ. ಮಕ್ಕಳ ಪುಸ್ತಕದ ಮೊದಲನೇ ಸಂಚಿಕೆಯಲ್ಲೇ ರಾಮ ಕೊಲೆಗಾರ, ಸಿಂಗರೆಲ್ಲ ಕಳ್ಳರು ಎಂದು ಅಚ್ಚು ಹಾಕಿದರೆ ಮರುದಿನ ಬಾಗಿಲಿಗೆ ಯಾರು ಬರುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ, ಅಲ್ವಾ?

ಹಾಗಾಗಿ ರಾಮ ರಾಮಲು ಆದ. ಸಿಂಗ್ ಸಿಂಗಾ ಆಯಿತು. ಬೆಂಗಾಲಿ ಡೆಂಕಾಲಿ ಆಯಿತು. ಈ ಕೊನೆಯದರಲ್ಲಿ ಒಂದು ಚಂದ ಇದೆ. ಇಂಗ್ಲಿಷಿನಲ್ಲಿ ಬರೆದು ನೋಡಿ. ಏಳು ಅಕ್ಷರಗಳಲ್ಲಿ ಬದಲಾದದ್ದು ಎರಡೇ: ‘ಬಿ’ ಹೋಗಿ ‘ಡಿ’, ‘ಜಿ’ ಹೋಗಿ ‘ಕೆ’. ಸಿಂಗ್‌ನಲ್ಲಂತೂ ಕೊನೆಯ ‘ಎಚ್’ ಅಳಿಸಿ ‘ಎ’ ಬರೆದರೆ ಮುಗಿಯಿತು. ಮಾತಿನ ಗುಳ್ಳೆಗಳಲ್ಲಿ ಕೈಬರಹದ ಅಕ್ಷರಗಳು ಇಕ್ಕಟ್ಟಾಗಿ ಕೂತಿದ್ದ ಕಾಲ ಅದು. ಇದೇ ಕಾರಣಕ್ಕೆ ಆ ಹೆಸರು ಆರಿಸಿದರು ಎಂದು ನಾನು ಹೇಳುತ್ತಿಲ್ಲ. ಆದರೆ ತಿದ್ದುವವನ ಕುಂಚಕ್ಕೆ ಇದಕ್ಕಿಂತ ಸುಲಭದ ಕೆಲಸ ಸಿಗಲಾರದು.

ತಿದ್ದಿದ್ದು ಹೆಸರುಗಳನ್ನಷ್ಟೇ ಅಲ್ಲ. ಶುರುವಿನ ಸಂಚಿಕೆಗಳಲ್ಲಿ ಒಟ್ಟು 28 ಪುಟ ಇದ್ದರೂ ಫ್ಯಾಂಟಮ್‌ಗೆ ಸಿಕ್ಕಿದ್ದು 16 ಮಾತ್ರ. ಉಳಿದ ಪುಟಗಳಲ್ಲಿ ಬೇರೆ ಕಥೆ, ಒಂದಿಷ್ಟು ಸಾಮಾನ್ಯ ಜ್ಞಾನ. ಪತ್ರಿಕೆಯಲ್ಲಿ ತಿಂಗಳುಗಟ್ಟಲೆ ದಿನಕ್ಕೆ ಮೂರ್ನಾಲ್ಕು ಚೌಕದಂತೆ ಹರಿದ ಕಥೆಯನ್ನು 16 ಪುಟಕ್ಕೆ ಇಳಿಸಬೇಕೆಂದರೆ ಕತ್ತರಿ ಆಡಲೇಬೇಕು. ದಿನದ ಪಟ್ಟಿಯ ಮೊದಲ ಚೌಕ ಸಾಮಾನ್ಯವಾಗಿ ನಿನ್ನೆ ಏನಾಯಿತು ಎಂದು ನೆನಪಿಸುವುದಕ್ಕೇ ಇರುತ್ತದೆ. ಪುಸ್ತಕದಲ್ಲಿ ಅದು ಬೇಡ, ತೆಗೆದರೆ ನಷ್ಟವೇನಿಲ್ಲ. ಆದರೆ ಅಷ್ಟರಲ್ಲೇ ಜಾಗ ಹೊಂದದಿದ್ದಾಗ ಕಾಡಿನ ದಾರಿ ಹೋಗುತ್ತದೆ, ರಾತ್ರಿಯ ಮೌನ ಹೋಗುತ್ತದೆ. ಹೊಡೆದಾಟ ಮಾತ್ರ ಉಳಿಯುತ್ತದೆ. ಇಂದ್ರಜಾಲ ಓದಿ ಬೆಳೆದವರಿಗೆ ಫ್ಯಾಂಟಮ್ ಯಾವಾಗಲೂ ಅವಸರದಲ್ಲಿದ್ದ ಹಾಗೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ ಇರಬೇಕು.

ಅತ್ತ ಲೀ ಫಾಕ್ ಕೂಡ ಸುಮ್ನೆ ಕೂತಿರಲಿಲ್ಲ. ಮೊದಲಿಗೆ ಏಷ್ಯಾದ ಯಾವುದೋ ಮೂಲೆಯಲ್ಲಿದ್ದ ಕಾಡನ್ನು ಮೆಲ್ಲಗೆ ಆಫ್ರಿಕಾಕ್ಕೆ ಸಾಗಿಸಿದರು. ಹೆಸರು ಬಂಗಲ್ಲಾ ಎಂದು ನಿಂತಿತು. ಅಲ್ಲಿಗೆ ಲುವಾಗಾ ಎಂಬ ಚುನಾಯಿತ ಅಧ್ಯಕ್ಷನೂ ಬಂದ. ನಮ್ಮ ಪುಸ್ತಕಗಳಲ್ಲಿ ಮಾತ್ರ ಡೆಂಕಾಲಿಯೇ ಮುಂದುವರಿಯಿತು. ಬಂಗಾಳದವರು ಬೇಸರಪಟ್ಟಾರು ಎಂದು ಬದಲಿಸಿದ ಹೆಸರು, ಆ ನಾಡು ಬಂಗಾಳದಿಂದ ಸಾವಿರಾರು ಮೈಲಿ ದೂರ ಹೋದ ಮೇಲೂ ಉಳಿಯಿತು. ಅಷ್ಟು ಹೊತ್ತಿಗೆ ಓದುವವರಿಗೆ ಅದು ಸ್ವಂತ ಊರಾಗಿಬಿಟ್ಟಿತ್ತು. ಬಂಗಲ್ಲಾ ಎಂದರೆ ಇವತ್ತಿಗೂ ನಮ್ಮಲ್ಲಿ ಎಷ್ಟೋ ಜನಕ್ಕೆ ಬಾಡಿಗೆ ಮನೆಯ ಹೆಸರು ಕೇಳಿದಂತೆ ಆಗುತ್ತದೆ.

ಇನ್ನು ಅನಂತ ಪೈ ವಿಷಯ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮುಂಬೈಗೆ ಬಂದವರು. ಟೈಮ್ಸ್ ಬಳಗದ ಪುಸ್ತಕ ವಿಭಾಗದಲ್ಲಿದ್ದಾಗ ಇಂದ್ರಜಾಲದ ಕೆಲಸದಲ್ಲಿ ಇದ್ದರು. 1967ರಲ್ಲಿ ಅಲ್ಲಿಂದ ಹೊರಬಿದ್ದು ಇಂಡಿಯಾ ಬುಕ್ ಹೌಸ್‌ನಲ್ಲಿ ಅಮರ ಚಿತ್ರ ಕಥೆ ಕಟ್ಟಿದರು. ಎರಡೂ ಮುಂಬೈ, ಎರಡರಲ್ಲೂ ಪೈ. ಹಾಗಾಗಿ ಎರಡರ ‘ಒಂದನೇ ನಂಬರ್’ ಕಥೆಗಳು ಜನರ ಬಾಯಲ್ಲಿ ಬೆರೆತುಹೋಗಿವೆ. ನಮ್ಮವರಿಗೆ ಇದರ ಮೇಲೆ ಇನ್ನೊಂದು ಸುತ್ತು ಇದೆ. ಇಂಗ್ಲಿಷ್ ಅಮರ ಚಿತ್ರ ಕಥೆ ಶುರುವಾದದ್ದೇ 11ನೇ ನಂಬರಿನಿಂದ, ‘ಕೃಷ್ಣ’ದಿಂದ. ಯಾಕೆಂದರೆ ಅದಕ್ಕೂ ಮುಂಚೆ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಆ ಹೆಸರಿನಲ್ಲಿ ಕನ್ನಡ ಪುಸ್ತಕಗಳು ಬಂದಿದ್ದವು. ಅವು ಸಿಂಡ್ರೆಲಾ ತರಹದ ಪಾಶ್ಚಾತ್ಯ ಕಥೆಗಳು. ಅಮರ ಚಿತ್ರ ಕಥೆಯ ಹುಟ್ಟಿನ ಬಗ್ಗೆ ಮಾತು ಬಂದಾಗ ಈ ಕನ್ನಡದ ಭಾಗ ಬಿಟ್ಟುಹೋಗುವುದೇ ಜಾಸ್ತಿ. ಬೇಕೆಂದೇ ಯಾರೋ ಮುಚ್ಚಿಟ್ಟರು ಅನ್ನಲಾಗದು. ಆದರೂ ಚುಚ್ಚುತ್ತದೆ.

ಇಂದ್ರಜಾಲದ ನಂಬರುಗಳದ್ದೂ ಬೇರೆಯೇ ಪುರಾಣ. ಮೊದಲ 32 ಸಂಚಿಕೆ ಫ್ಯಾಂಟಮ್‌ಗೇ ಮೀಸಲು. ಆಮೇಲೆ ಜಾದೂಗಾರ ಮ್ಯಾಂಡ್ರೇಕ್, ಬಾಹ್ಯಾಕಾಶ ಸಾಹಸಿ ಫ್ಲ್ಯಾಶ್ ಗಾರ್ಡನ್ ಬಂದರು. 1976ರಲ್ಲಿ ಆಬಿದ್ ಸುರತಿಯವರ ಬಹಾದುರ್ ಎಂಬ ನಮ್ಮ ದೇಶದ ನಾಯಕನೇ ಬಂದ. ತಿಂಗಳಿಗೊಂದು ಇದ್ದದ್ದು ಹದಿನೈದು ದಿನಕ್ಕೊಂದಾಗಿ, ಕೊನೆಗೆ ವಾರಕ್ಕೊಂದಾಯಿತು. ನಡುವೆ ಮುಷ್ಕರದಿಂದಾಗಿ 123 ಮತ್ತು 124 ಅಚ್ಚಾಗಲೇ ಇಲ್ಲ. ಆ ಎರಡನ್ನು ವರ್ಷಗಟ್ಟಲೆ ಹುಡುಕಿದವರಿದ್ದಾರೆ ಪಾಪ. 80ರ ದಶಕದಲ್ಲಿ ಸಾಲು ನಂಬರ್ ಬಿಟ್ಟು ‘ಸಂಪುಟ, ಸಂಖ್ಯೆ’ ಲೆಕ್ಕ ಹಿಡಿದರು. 1990ರಲ್ಲಿ ಎಲ್ಲ ನಿಂತುಹೋಯಿತು.

ಕನ್ನಡದಲ್ಲೂ ಇಂದ್ರಜಾಲ ಬರುತ್ತಿತ್ತು. ಅದರ ಗತಿ ಇಂಗ್ಲಿಷ್, ಹಿಂದಿಯವಕ್ಕಿಂತ ಕಡೆ. ಮುಂಬೈಯಲ್ಲಿ ನಮ್ಮವರ ಮನೆಗಳು ಚಿಕ್ಕವು. ಮಳೆಗಾಲದಲ್ಲಿ ಕಾಗದ ಬೂಷ್ಟು ಹಿಡಿಯುತ್ತದೆ. ಮಕ್ಕಳು ದೊಡ್ಡವರಾದರೆಂದರೆ ಕಾಮಿಕ್ಸ್ ಎಲ್ಲ ರದ್ದಿವಾಲಾನ ತಕ್ಕಡಿಗೆ. ಲೈಬ್ರರಿಗಳೂ ಕಾದಂಬರಿ, ಯಕ್ಷಗಾನ ಪ್ರಸಂಗಕ್ಕೆ ಬೈಂಡು ಹಾಕಿಸಿ ಬೀರುವಿನಲ್ಲಿ ಇಡುತ್ತಿದ್ದವು. ಕಾಮಿಕ್ಸಿಗೆ ಆ ಮರ್ಯಾದೆ ಯಾರು ಕೊಟ್ಟರು?

ಆಸ್ಟ್ರೇಲಿಯಾದಲ್ಲಿ ಫ್ರೂ ಎಂಬ ಪ್ರಕಾಶನ 1948ರಿಂದ ಫ್ಯಾಂಟಮ್ ಪುಸ್ತಕ ತರುತ್ತಿದೆ. ಅವರೂ ಹಿಂದೆ ಪುಟ ಸಾಲದೆ ಕಥೆಗಳನ್ನು ಕತ್ತರಿಸಿದವರೇ. ಆದರೆ ಮುಂದೆ ಅವೇ ಕಥೆಗಳನ್ನು, ಬಿಟ್ಟ ಚೌಕಗಳನ್ನೆಲ್ಲ ಸೇರಿಸಿ, ಪೂರ್ತಿಯಾಗಿ ಮತ್ತೆ ಅಚ್ಚು ಹಾಕಿದರು. ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಎಂದು ಅಲ್ಲಿನ ಓದುಗನಿಗೆ ಗೊತ್ತಾಗುತ್ತದೆ. ಇಂದ್ರಜಾಲಕ್ಕೆ ಆ ಭಾಗ್ಯ ಬರಲಿಲ್ಲ. 1964ರಲ್ಲಿ ಹೆಸರು ಬದಲಿಸಿದ್ದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ಬದಲಿಸಿದ್ದೇವೆ ಎಂದು ಒಂದು ಸಾಲು ಎಲ್ಲಾದರೂ ಅಚ್ಚಾಗಿದ್ದರೆ ಇವತ್ತಿನ ಅರ್ಧ ವಾದ ಇರುತ್ತಿರಲಿಲ್ಲ.

ಈಗ ಆ ಮೊದಲ ಸಂಚಿಕೆಗೆ ಹಳೇ ಪುಸ್ತಕದ ವ್ಯಾಪಾರದಲ್ಲಿ ಬಾಯಿಗೆ ಬಂದ ಬೆಲೆ. ಯಾರಾದರೂ ಒಂದನ್ನು ಮುಂದೆ ಹಿಡಿದರೆ ದುಡ್ಡು ತೆಗೆಯುವ ಮುನ್ನ ಪುಟ ಎಣಿಸಿ. ಫ್ಯಾಂಟಮ್ 16ಕ್ಕೆ ಮುಗಿದು, ಬೇರೆ ಕಥೆ ಶುರುವಾಗಬೇಕು. ಆಮೇಲೆ ಕೊಲೆಗಾರನ ಹೆಸರು ನೋಡಿ. ರಾಮ ಎಂದಿದ್ದರೆ ಅದು ಬೇರೆಲ್ಲೋ ಅಚ್ಚಾದದ್ದು, ವಾಪಸ್ ಕೊಟ್ಟುಬಿಡಿ.