ಬೆಳಿಗ್ಗೆ ಒಂದು ಕ್ರಯ, ಸಂಜೆ ಇನ್ನೊಂದು: ಡ್ರಿಲ್ ಮೆಷಿನ್ ಕೊಳ್ಳುವುದು ಯಾವಾಗ, ಎಲ್ಲಿ?

ಓದುಗರ ಪ್ರಶ್ನೆ: ಉಡುಪಿ ಹತ್ತಿರ ನಮ್ಮ ಹೊಸ ಮನೆಯ ಕೆಲಸ ಮುಗಿಯುತ್ತಾ ಬಂದಿದೆ. ಪರದೆ ರಾಡ್, ಶೆಲ್ಫ್, ಕನ್ನಡಿ ಹಾಕಲು ಒಂದು ಡ್ರಿಲ್ ಮೆಷಿನ್ ಬೇಕು. ಆನ್‌ಲೈನ್‌ನಲ್ಲಿ ಬೆಳಿಗ್ಗೆ 2,400 ರೂಪಾಯಿ ಇದ್ದದ್ದು ಸಂಜೆಗೆ 2,850 ಆಯಿತು, ಎರಡು ದಿನ ಬಿಟ್ಟು ನೋಡಿದರೆ 2,250. ಪದೇ ಪದೇ ನೋಡುತ್ತೇನೆಂದು ಕ್ರಯ ಏರಿಸುತ್ತಾರೆಯೇ? ಕಡಿಮೆಗೆ ಸಿಗುವ ಹೊತ್ತನ್ನು ಹಿಡಿಯುವುದು ಹೇಗೆ? ಅಥವಾ ಮಂಗಳೂರಿನ ಬಂದರು ಪೇಟೆಯ ಹಾರ್ಡ್‌ವೇರ್ ಅಂಗಡಿಗಳಿಗೆ ಹೋಗಿ ತೆಗೆದುಕೊಳ್ಳುವುದೇ ಲೇಸೇ?

ಉತ್ತರ: ಕ್ರಯ ಏರಿದ್ದು ಕಂಡಾಗ ಮೊದಲು ಮಾರುವವರ ಹೆಸರು ನೋಡಿ. ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆಗಳು ನಮ್ಮ ದೇಶದ ನಿಯಮದಂತೆ ತಮ್ಮದೇ ಸರಕು ಇಟ್ಟುಕೊಂಡು ಗಿರಾಕಿಗೆ ಮಾರುವಂತಿಲ್ಲ. ಅಲ್ಲಿ ಮಾರುವವರು ಬೇರೆ ಬೇರೆ ವ್ಯಾಪಾರಿಗಳು. ಒಂದೇ ಡ್ರಿಲ್‌ನ ಒಂದೇ ಪುಟದ ಹಿಂದೆ ಐದಾರು ಮಂದಿ ಸಾಲುಗಟ್ಟಿರುತ್ತಾರೆ, ನಿಮಗೆ ಎದುರಿಗೆ ಕಾಣುವುದು ಅವರಲ್ಲಿ ಒಬ್ಬರ ಕ್ರಯ ಮಾತ್ರ. 2,400ಕ್ಕೆ ಮಾರುತ್ತಿದ್ದವರ ದಾಸ್ತಾನು ಮಧ್ಯಾಹ್ನ ಮುಗಿದರೆ ಸಂಜೆ 2,850 ಹೇಳುವವರು ಮುಂದೆ ಬರುತ್ತಾರೆ. ಅನೇಕ ವ್ಯಾಪಾರಿಗಳು ಎದುರಾಳಿಯ ಕ್ರಯ ನೋಡಿ ತಮ್ಮದನ್ನು ತಾನಾಗಿಯೇ ಏರಿಸಿ ಇಳಿಸುವ ಸಾಫ್ಟ್‌ವೇರ್ ಇಟ್ಟುಕೊಂಡಿದ್ದಾರೆ. ಹಾಗಾಗಿ ನೀವು ಪದೇ ಪದೇ ನೋಡದಿದ್ದರೂ, ಯಾರೂ ಕೈ ಹಚ್ಚದಿದ್ದರೂ ದಿನಕ್ಕೆ ಹಲವು ಸಲ ಅಂಕಿ ಬದಲಾಗುತ್ತದೆ.

ಇನ್ನೊಂದು ಕಾರಣ ಪಿನ್‌ಕೋಡ್. ಬೆಂಗಳೂರಿನ ಗೋದಾಮಿನಿಂದ ಕಳಿಸುವ ವ್ಯಾಪಾರಿ ಮಂಗಳೂರಿನ 575001ಕ್ಕೆ ತಲುಪಿಸಲು ಒಪ್ಪಬಹುದು, ಉಡುಪಿಯ 576101ಕ್ಕೆ ಒಪ್ಪದಿರಬಹುದು. ಮಂಗಳೂರಿನ ನೆಂಟರು ಹೇಳುವ ಕ್ರಯ ನಿಮಗೆ ಉಡುಪಿಯಲ್ಲಿ ಕಾಣದಿರುವುದು ಹೀಗೆ. ಮನೆಯ ಪಿನ್ ಹಾಕಿ ನೋಡಿ, ಆಫೀಸಿನದ್ದು ಹಾಕಿ ನೋಡಿ, 'ಇತರ ಮಾರಾಟಗಾರರು' ಎಂಬ ಪಟ್ಟಿಯನ್ನು ತಪ್ಪದೆ ತೆರೆಯಿರಿ. ನೂರಿನ್ನೂರು ರೂಪಾಯಿಯ ವ್ಯತ್ಯಾಸ ಅಲ್ಲೇ ಸಿಕ್ಕಿಬಿಡುವುದುಂಟು.

ಕ್ರಯ ಹೋಲಿಸುವ ಮೊದಲು ಹೋಲಿಸುತ್ತಿರುವುದು ಒಂದೇ ಸಾಮಾನೋ ಎಂದು ನೋಡಬೇಕು. ಅತಿ ಹೆಚ್ಚು ಮಂದಿ ಎಡವುವುದು ಇಲ್ಲಿ. 'ಬಾಷ್ ಡ್ರಿಲ್' ಎಂದು ಹುಡುಕಿದರೆ ಜಿಎಸ್‌ಬಿ 500 ಆರ್‌ಇ ಬರುತ್ತದೆ, ಜಿಎಸ್‌ಬಿ 600 ಬರುತ್ತದೆ. ಒಂದು 500 ವ್ಯಾಟ್, 10 ಮಿ.ಮೀ. ಚಕ್ (ಕೊರೆಯುವ ಬಿಟ್ ಅನ್ನು ಹಿಡಿಯುವ ಬಾಯಿ). ಇನ್ನೊಂದು 600 ವ್ಯಾಟ್, 13 ಮಿ.ಮೀ. ಚಕ್. ಅದೇ 500 ಆರ್‌ಇ ಬರೀ ಮೆಷಿನ್ ಆಗಿ ಬರುತ್ತದೆ, ಬಿಟ್, ಸ್ಪ್ಯಾನರ್, ಸುತ್ತಿಗೆ ತುಂಬಿದ ಪೆಟ್ಟಿಗೆಯ ಜೊತೆಗೂ ಬರುತ್ತದೆ. ಪುಟದಲ್ಲಿ ಬಣ್ಣ, ಗಾತ್ರ ಆರಿಸುವ ಗುಂಡಿಗಳ ಪಕ್ಕದಲ್ಲೇ ಇವೂ ಇರುತ್ತವೆ. ಬೆರಳು ತಾಗಿದರೆ ಕ್ರಯ ಬದಲಾಗುತ್ತದೆ, ನಕ್ಷತ್ರಗಳ ರೇಟಿಂಗ್ ಮಾತ್ರ ಎಲ್ಲಕ್ಕೂ ಒಂದೇ ಕಾಣುತ್ತದೆ. ಬಾಷ್‌ನ ಪ್ರೊಫೆಷನಲ್ ಮೆಷಿನ್‌ಗಳ ಲೇಬಲ್ ಮೇಲೆ 06ರಿಂದ ಶುರುವಾಗುವ ಹತ್ತು ಅಂಕಿ-ಅಕ್ಷರಗಳ ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಂಡು ಅದಕ್ಕೇ ಕ್ರಯ ಕೇಳಿ, ಅಂಗಡಿಯಲ್ಲಾದರೂ ಸರಿ.

ಬ್ಯಾಟರಿ ಮೆಷಿನ್‌ಗಳಲ್ಲಿ ಈ ಗೊಂದಲ ಇನ್ನೂ ದೊಡ್ಡದು. ಮಕಿಟಾ ಮಾದರಿಯ ಹೆಸರಿನ ಕೊನೆಯಲ್ಲಿ 'ಝಡ್' ಇದ್ದರೆ ಅದು ಬರೀ ಮೆಷಿನ್. ಬ್ಯಾಟರಿಯೂ ಇಲ್ಲ, ಚಾರ್ಜರೂ ಇಲ್ಲ. ಡಿವಾಲ್ಟ್‌ನಲ್ಲಿ 'ಎನ್' ಎಂದರೆ ಬರೀ ಮೆಷಿನ್, 'ಡಿ2' ಎಂದರೆ 2 ಆಂಪಿಯರ್-ಅವರ್‌ನ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಎರಡು ಬ್ಯಾಟರಿ, 'ಎಂ2' ಎಂದರೆ 4ರ ಎರಡು, 'ಪಿ2' ಎಂದರೆ 5ರ ಎರಡು. ಅರ್ಧ ಕ್ರಯಕ್ಕೆ ಸಿಕ್ಕಿತೆಂದು ತರಿಸಿ, ಪೆಟ್ಟಿಗೆ ತೆರೆದಾಗ ಬ್ಯಾಟರಿಯೇ ಇಲ್ಲದಿರುವುದು ಈ ಒಂದು ಅಕ್ಷರದಿಂದ. ಮಕಿಟಾದ ಅಗ್ಗದ ಜಿ-ಸರಣಿಯ 18 ವೋಲ್ಟ್ ಬ್ಯಾಟರಿ, ಅದೇ ಕಂಪನಿಯ ಎಲ್‌ಎಕ್ಸ್‌ಟಿ 18 ವೋಲ್ಟ್ ಮೆಷಿನ್‌ಗೆ ಕೂರುವುದಿಲ್ಲ ಎಂಬುದನ್ನೂ ನೆನಪಿಡಿ. ಮುಂದೆ ಗ್ರೈಂಡರ್, ಗರಗಸ ಎಂದು ಅದೇ ಬ್ಯಾಟರಿಗೆ ಕೊಳ್ಳುವ ಯೋಚನೆ ಇದ್ದರೆ ಇಂದಿನ ಉಳಿತಾಯ ನಾಳೆಯ ನಷ್ಟ.

ವೋಲ್ಟೇಜಿನ ಅಂಕಿಗೆ ಮಾರುಹೋಗಬೇಡಿ. 18 ವೋಲ್ಟ್ ಎಂದರೂ '20 ವೋಲ್ಟ್ ಮ್ಯಾಕ್ಸ್' ಎಂದರೂ '21 ವೋಲ್ಟ್' ಎಂದರೂ ಒಳಗಿರುವುದು ಸರಣಿಯಲ್ಲಿ ಜೋಡಿಸಿದ ಐದು ಲಿಥಿಯಂ ಸೆಲ್‌ಗಳೇ. ಸೆಲ್ಲಿಗೆ 3.6ರಂತೆ ಲೆಕ್ಕ ಹಾಕಿದರೆ 18, ಸುಮಾರು 4ರಂತೆ 20, ಪೂರ್ತಿ ಚಾರ್ಜ್ ಆದ 4.2ರಂತೆ 21. ಹೆಸರಿಲ್ಲದ ಬ್ರ್ಯಾಂಡ್‌ಗಳ ಮೇಲೆ 48, 88 ಎಂದು ದೊಡ್ಡದಾಗಿ ಬರೆದಿರುತ್ತದೆ. ಬ್ಯಾಟರಿ ತೆಗೆದು ಲೇಬಲ್ ನೋಡಿದರೆ ನಿಜ ಗೊತ್ತಾಗಬಹುದು. ವೋಲ್ಟ್ ಅನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ತುಂಬುವ ಒಟ್ಟು ಶಕ್ತಿ: 18 × 2 = 36. ಎರಡು ಕಿಟ್‌ಗಳ ಕ್ರಯವನ್ನು ತೂಗಬೇಕಾದ್ದು ಈ ಅಂಕಿಯಿಂದ.

ಸಾಮಾನು ಯಾವುದೆಂದು ಖಚಿತವಾದ ಮೇಲೆ ಅದರ ಹಳೆಯ ಕ್ರಯ ತೆಗೆಸಿ. ಅಮೆಜಾನ್‌ಗೆ ಕೀಪಾ ಎಂಬ, ಹಳೆಯ ಕ್ರಯ ತೋರಿಸುವ ತಾಣ ಉಂಟು. ಫ್ಲಿಪ್‌ಕಾರ್ಟ್ ಕೂಡ ಬೇಕಾದರೆ ಬೈಹಟ್ಕೆಯಂಥವು ಉಂಟು. ಬ್ರೌಸರ್‌ಗೆ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ನೀವು ತೆರೆಯುವ ಪುಟಗಳನ್ನು ಓದುವ ಅನುಮತಿ ಕೇಳುತ್ತವೆ. ವರ್ಷಕ್ಕೆ ಎರಡು ಮೆಷಿನ್ ಕೊಳ್ಳುವವರಿಗೆ ಅದು ಬೇಡ, ಸಾಮಾನಿನ ಲಿಂಕ್ ನಕಲು ಮಾಡಿ ಅವರ ತಾಣದಲ್ಲಿ ಅಂಟಿಸಿದರೆ ಸಾಕು. ಆರು ತಿಂಗಳ ಕ್ರಯದ ಗೆರೆ (ಗ್ರಾಫ್) ನೋಡಿ. ಉದಾಹರಣೆಗೆ ಗೆರೆ ಹೆಚ್ಚು ದಿನ 2,550ರಲ್ಲಿ ಮಲಗಿದೆ, ಮೂರು ಸಲ 2,199ಕ್ಕೆ ಇಳಿದಿದೆ, ಒಂದೇ ಒಂದು ದಿನ 1,790ಕ್ಕೆ ಹೋಗಿ ಬಂದಿದೆ ಎಂದಿಟ್ಟುಕೊಳ್ಳಿ. ಆ 1,790 ಯಾರೋ ವ್ಯಾಪಾರಿಯ ತಪ್ಪೋ ಎರಡು ಪೀಸು ಖಾಲಿ ಮಾಡಿದ್ದೋ ಆಗಿರುತ್ತದೆ, ಅದಕ್ಕೆ ಕಾಯಬೇಡಿ. ಮತ್ತೆ ಮತ್ತೆ ಬಂದ ತಗ್ಗು 2,199. ನಿಮ್ಮ ಗುರಿ 2,200. ಕೀಪಾದಲ್ಲಿ ಆ ಅಂಕಿ ಬರೆದು ಅಲರ್ಟ್ ಇಟ್ಟರೆ ಇಳಿದ ದಿನ ಸಂದೇಶ ಬರುತ್ತದೆ. ಇದಾವುದೂ ಬೇಡ ಎನ್ನುವವರು ಸಾಮಾನನ್ನು ಕಾರ್ಟ್‌ನಲ್ಲೇ ಹಾಕಿಡಬಹುದು. ಕ್ರಯ ಬದಲಾದರೆ ಅಮೆಜಾನ್ ಕಾರ್ಟ್‌ನ ಮೇಲ್ಭಾಗದಲ್ಲಿ ಎಷ್ಟಿದ್ದದ್ದು ಎಷ್ಟಾಯಿತು ಎಂದು ತೋರಿಸುತ್ತದೆ.

ಈ ಗೆರೆ ನೋಡಿದವರಿಗೆ ಅಡ್ಡಗೀಟು ಹಾಕಿದ ಎಂಆರ್‌ಪಿ ಮುಖ್ಯವೆನಿಸುವುದಿಲ್ಲ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿ ಇದಕ್ಕಿಂತ ಮೇಲೆ ಮಾರಬಾರದೆಂಬ ಗಡಿ. ಹಾರ್ಡ್‌ವೇರ್ ಸಾಮಾನು ಆ ಗಡಿಯ ಹತ್ತಿರ ಮಾರಾಟವಾಗುವುದೇ ಅಪರೂಪ. '52 ಶೇಕಡಾ ಕಡಿತ' ಎಂಬುದು ವರ್ಷವಿಡೀ ಇರುವ ಕ್ರಯವೇ ಆಗಿರಬಹುದು. 'ಇನ್ನು ಎರಡೇ ಉಳಿದಿವೆ' ಎಂದು ಸುಳ್ಳು ಅವಸರ ಹುಟ್ಟಿಸುವುದು, ಹೇಳದೆ ಕಾರ್ಟ್‌ಗೆ ಏನನ್ನೋ ಸೇರಿಸುವುದು, ಕೊನೆಯ ಹಂತದಲ್ಲಿ ಶುಲ್ಕ ಏರಿಸುವುದು ಇವೆಲ್ಲ 2023ರ ಡಾರ್ಕ್ ಪ್ಯಾಟರ್ನ್ (ಗಿರಾಕಿಯನ್ನು ದಾರಿ ತಪ್ಪಿಸುವ ತಂತ್ರ) ಮಾರ್ಗಸೂಚಿಯಂತೆ ನಿಷಿದ್ಧ. ಸ್ಕ್ರೀನ್‌ಶಾಟ್ ತೆಗೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಈ ಗೆರೆಯಲ್ಲಿ ಕಾಣದ್ದೂ ಉಂಟು. ಟಿಕ್ ಹಾಕಿದರೆ ಮಾತ್ರ ಸಿಗುವ ಕೂಪನ್, ಬ್ಯಾಂಕ್ ಕಾರ್ಡಿನ ರಿಯಾಯಿತಿ ಅದರಲ್ಲಿ ಬರುವುದಿಲ್ಲ. ಆದ್ದರಿಂದ ಹಣ ಕಟ್ಟುವ ಕೊನೆಯ ಪುಟದ ಮೊತ್ತವೊಂದನ್ನೇ ನಂಬಿ. ಕಾರ್ಡಿನ ರಿಯಾಯಿತಿಗೆ ಸಾಮಾನ್ಯವಾಗಿ ಕೆಳಗೊಂದು ಮೇಲೊಂದು ಮಿತಿ ಇರುತ್ತದೆ. ಕನಿಷ್ಠ 5,000ದ ಖರೀದಿಗೆ ಶೇ. 10, ಗರಿಷ್ಠ 1,000 ಎಂದಿದ್ದರೆ 2,250ರ ಡ್ರಿಲ್‌ಗೆ ಏನೂ ಸಿಗುವುದಿಲ್ಲ, 15,000ದ ಖರೀದಿಗೆ ಶೇ. 10 ಎನ್ನುವುದು ಶೇ. 6.7ಕ್ಕೆ ಇಳಿಯುತ್ತದೆ. ಅಂಥ ಆಫರ್‌ಗೆ ಹೊಂದುವುದು 5,000ದಿಂದ 10,000ದ ಒಳಗಿನ ಕಾರ್ಟ್. 'ನೋ ಕಾಸ್ಟ್ ಇಎಂಐ'ಯಲ್ಲೂ ಬ್ಯಾಂಕು ಬಡ್ಡಿ ಹಾಕುತ್ತದೆ. ಅಷ್ಟನ್ನು ಕ್ರಯದಲ್ಲಿ ಕಡಿಮೆ ಮಾಡಿರುತ್ತಾರೆ ಅಷ್ಟೆ. ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ, ಸಂಸ್ಕರಣಾ ಶುಲ್ಕವಿದ್ದರೆ ಅದು ಮತ್ತು ಅದರ ಮೇಲಿನ ಜಿಎಸ್‌ಟಿ ನಿಮ್ಮ ತಲೆಗೇ. ಮೂರು ಸಾವಿರದ ಸಾಮಾನಿಗೆ ಇದು ತಕ್ಕುದಲ್ಲ.

ಗುತ್ತಿಗೆದಾರರು, ಫ್ಯಾಬ್ರಿಕೇಶನ್ ನಡೆಸುವವರು ಜಿಎಸ್‌ಟಿ ನೋಂದಣಿ ಇದ್ದರೆ ಲೆಕ್ಕ ಬೇರೆ ಹಾಕಬೇಕು. ಪವರ್ ಟೂಲ್‌ಗೆ ಜಿಎಸ್‌ಟಿ ಶೇ. 18. ಬಿಲ್ ಸಮೇತ 2,950 ಎಂದರೆ ಒಳಗೆ 450 ತೆರಿಗೆ. ಇನ್‌ಪುಟ್ ಕ್ರೆಡಿಟ್ (ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯುವುದು) ಸಿಕ್ಕಿದ ಮೇಲೆ ನಿಮಗೆ ಬಿದ್ದದ್ದು 2,500. ಬಿಲ್ ಇಲ್ಲದೆ 2,650ಕ್ಕೆ ಕೊಡುತ್ತೇನೆ ಎನ್ನುವವರದ್ದೇ ಇಲ್ಲಿ ದುಬಾರಿ. ಆರ್ಡರ್ ಹಾಕುವ ಮೊದಲೇ ಜಿಎಸ್‌ಟಿ ಸಂಖ್ಯೆ ತುಂಬಬೇಕು, ಆಮೇಲೆ ಬಿಲ್ ತಿದ್ದಿಸುವುದು ಕಷ್ಟ. ಕಂಪೋಸಿಷನ್ ಯೋಜನೆಯಲ್ಲಿರುವವರಿಗೆ ಈ ಕ್ರೆಡಿಟ್ ಇಲ್ಲ.

ಯಾವಾಗ ಎಂಬ ಪ್ರಶ್ನೆಗೆ: ದೊಡ್ಡ ಇಳಿತಗಳು ಸಾಮಾನ್ಯವಾಗಿ ಜನವರಿಯ ಗಣರಾಜ್ಯೋತ್ಸವದ ಹೊತ್ತಿಗೆ, ಜುಲೈ ಸುಮಾರಿಗೆ, ಮತ್ತೆ ನವರಾತ್ರಿ-ದೀಪಾವಳಿಯ ಮಾರಾಟದಲ್ಲಿ. ಆಯುಧ ಪೂಜೆಗೆ ಹೊಸ ಮೆಷಿನ್ ಇಡಬೇಕೆಂದಿರುವವರು ಮಾರಾಟ ಶುರುವಾಗುವ ಮೂರು ವಾರ ಮೊದಲೇ ಕ್ರಯ ಬರೆದಿಟ್ಟುಕೊಳ್ಳಿ. ಮಾರಾಟದ ಮುನ್ನಾದಿನಗಳಲ್ಲಿ ಏರಿಸಿ, ಆ ದಿನ ಮಾಮೂಲಿಗೆ ಇಳಿಸಿದ್ದು ಗೊತ್ತಾಗುವುದು ಹಾಗೆ ಬರೆದಿಟ್ಟವರಿಗೆ ಮಾತ್ರ. ಆದರೆ 200 ರೂಪಾಯಿಗಾಗಿ ಎರಡು ತಿಂಗಳು ಕಾಯುತ್ತಾ, ನಡುವೆ ನಾಲ್ಕು ತೂತಿಗೆ ಕೆಲಸದವರನ್ನು ಕರೆಸಿದರೆ ಉಳಿದದ್ದೇನು? ಕೆಲಸ ಈಗ ಇದ್ದರೆ ಗುರಿಗೆ ನೂರು ಹೆಚ್ಚಾದರೂ ಕೊಂಡುಬಿಡಿ.

ಇನ್ನು ಬಂದರು. ಆನ್‌ಲೈನ್‌ನ ಕೊನೆಯ ಪುಟದ ಮೊತ್ತ ಕೈಯಲ್ಲಿ ಹಿಡಿದು, ಪೂರ್ತಿ ಮಾದರಿ ಸಂಖ್ಯೆ ಹೇಳಿ, 'ಬಿಲ್ ಸಮೇತ ಎಷ್ಟಾಗುತ್ತದೆ' ಎಂದೇ ಕೇಳಿ. ನೂರೈವತ್ತು ಹೆಚ್ಚಾದರೂ ಅಂಗಡಿಯಲ್ಲಿ ಕೊಳ್ಳುವುದಕ್ಕೆ ಕಾರಣಗಳಿವೆ. ಪ್ಲಗ್ ಹಾಕಿ ಓಡಿಸಿ, ಚಕ್‌ಗೆ ಉದ್ದದ ಬಿಟ್ ಕಟ್ಟಿ ತುದಿ ಓಲಾಡುತ್ತದೆಯೇ ನೋಡಬಹುದು, ಗೇರ್ ಸದ್ದು ಕೇಳಬಹುದು. ವೆಲ್ಡಿಂಗ್ ಮೆಷಿನ್, ಕಟ್-ಆಫ್ ಮೆಷಿನ್, ಪ್ರೆಶರ್ ವಾಷರ್‌ನಂಥ ಭಾರದ ಸಾಮಾನನ್ನು ಊರಲ್ಲೇ ಕೊಳ್ಳಿ. ಸಾಗಣೆಯಲ್ಲಿ ಎಲ್ಲಾದರೂ ಮುರಿದು ಬಂದರೆ ಮತ್ತೆ ಪ್ಯಾಕ್ ಮಾಡಿ ಹಿಂದಿರುಗಿಸುವುದೇ ಒಂದು ದಿನದ ಕೆಲಸ. ತೋಟದ ಹುಲ್ಲು ಕತ್ತರಿಸುವ ಯಂತ್ರ ಬೇಕಿದ್ದರೆ ಕೊಳ್ಳುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನ ಉಂಟೇ ಎಂದು ವಿಚಾರಿಸಿ.

ನೀವು ಹಾಕುವುದು ಪರದೆ ರಾಡ್ ಎಂದಿದ್ದೀರಿ. ಕಿಟಕಿಯ ಮೇಲಿನ ಆ ಜಾಗ ಹೆಚ್ಚಾಗಿ ಕಾಂಕ್ರೀಟ್ ಲಿಂಟಲ್. ಮನೆಗಾದರೆ 500-600 ವ್ಯಾಟ್‌ನ ಇಂಪ್ಯಾಕ್ಟ್ ಡ್ರಿಲ್ (ತಿರುಗುತ್ತಲೇ ಬಡಿಯುವಂಥದ್ದು), ಒಳ್ಳೆಯ ಕಾರ್ಬೈಡ್ ತುದಿಯ 6 ಮತ್ತು 8 ಮಿ.ಮೀ. ಬಿಟ್ ಸಾಕು, ನಿಧಾನವಾಗಿ ಹೋಗುತ್ತದೆ. ಬಿಟ್ ಒಮ್ಮೆಲೇ ಮುಂದೆ ಹೋಗದೆ ನಿಂತರೆ ಒಳಗೆ ಕಬ್ಬಿಣದ ಸರಳು ತಾಗಿದೆ ಎಂದರ್ಥ, ಒತ್ತದೆ ಜಾಗ ಬದಲಿಸಿ. ದಿನಾ ಕಾಂಕ್ರೀಟ್ ಕೊರೆಯುವವರಿಗೆ ಇದು ಸಾಲದು, ಎಸ್‌ಡಿಎಸ್-ಪ್ಲಸ್ ರೋಟರಿ ಹ್ಯಾಮರ್ (ಇನ್ನೂ ಜೋರಾಗಿ ಬಡಿಯುವ ಮೆಷಿನ್) ಬೇಕು. ಗೋಡೆ ಕೆಂಪು ಮುರಕಲ್ಲಿನದ್ದಾದರೆ ಹ್ಯಾಮರ್ (ಬಡಿತ) ಆಫ್ ಮಾಡಿ ಬರೀ ತಿರುಗಿಸಿ ಕೊರೆಯಿರಿ. ಮೆತ್ತಗಿನ ಕಲ್ಲಿನಲ್ಲಿ ಬಡಿತಕ್ಕೆ ತೂತು ಅಗಲವಾಗಿ ಸ್ಕ್ರೂ ಕೂರುವ ಪ್ಲಗ್ ಹಿಡಿಯುವುದಿಲ್ಲ.

ಗ್ರೈಂಡರ್‌ನ ಕಟಿಂಗ್ ಡಿಸ್ಕ್ ಮಾತ್ರ ಅಗ್ಗವೆಂದು 50ರ ಪ್ಯಾಕ್ ತರಿಸಬೇಡಿ. ರಾಳದಿಂದ ಅಂಟಿಸಿದ ಈ ಡಿಸ್ಕ್‌ಗಳಿಗೆ ಆಯುಷ್ಯವುಂಟು, ತಯಾರಾದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷ. ಒಳ್ಳೆಯ ಕಂಪನಿಗಳ ಡಿಸ್ಕ್‌ನ ನಡುವಿನ ಲೋಹದ ಬಳೆಯಲ್ಲಿ ಅವಧಿ ಅಚ್ಚಾಗಿರುತ್ತದೆ. ಕರಾವಳಿಯ ತೇವ ಆ ರಾಳವನ್ನು ಇನ್ನೂ ಬೇಗ ದುರ್ಬಲಗೊಳಿಸುತ್ತದೆ, ದುರ್ಬಲವಾದದ್ದು ಓಡುವಾಗ ಒಡೆದು ಮುಖಕ್ಕೆ ಹಾರುತ್ತದೆ. ಹತ್ತರ ಪ್ಯಾಕ್ ತನ್ನಿ, ಗಾಳಿಯಾಡದ ಡಬ್ಬಿಯಲ್ಲಿಡಿ.

ಆನ್‌ಲೈನ್‌ನಲ್ಲೇ ಕೊಂಡರೆ ಪೆಟ್ಟಿಗೆ ಬಂದ ದಿನವೇ, ಒಡೆಯುವುದರಿಂದ ಓಡಿಸುವವರೆಗೆ ವೀಡಿಯೊ ಮಾಡಿ. ಅನೇಕ ಟೂಲ್‌ಗಳಿಗೆ ಹಣ ವಾಪಸ್ ಇಲ್ಲ, ಕೆಲವೇ ದಿನಗಳೊಳಗೆ ಬದಲಿ ಮಾತ್ರ. ಮನೆ ಪ್ರವೇಶಕ್ಕೆಂದು ಪೆಟ್ಟಿಗೆ ಕಟ್ಟಿಟ್ಟರೆ ಆ ಅವಧಿ ಕಳೆದಿರುತ್ತದೆ. ಮೆಷಿನ್ ಮೇಲಿನ ಸೀರಿಯಲ್ ಸಂಖ್ಯೆ ಪೆಟ್ಟಿಗೆಯ ಸಂಖ್ಯೆಗೆ ಹೊಂದುತ್ತದೆಯೇ ನೋಡಿ, ಕಂಪನಿಯ ತಾಣದಲ್ಲಿ ವಾರಂಟಿ ನೋಂದಾಯಿಸಿ, ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್ ಮಂಗಳೂರಿನಲ್ಲಿದೆಯೇ ಬೆಂಗಳೂರಿನಲ್ಲಿದೆಯೇ ಎಂಬುದನ್ನು ಆರ್ಡರ್ ಹಾಕುವ ಮೊದಲೇ ತಿಳಿದುಕೊಂಡಿರಿ. ಅಂಗಡಿಯಲ್ಲಿ ಕೊಂಡರೆ ಬಿಲ್ಲಿಗೆ ಮೊಹರು ಹಾಕಿಸಿ, ಸೀರಿಯಲ್ ಸಂಖ್ಯೆ ಅದರ ಮೇಲೆಯೇ ಬರೆಸಿ, ಅಂದೇ ಫೋಟೊ ತೆಗೆದಿಡಿ. ಥರ್ಮಲ್ ಕಾಗದದ ಬಿಲ್ ವಾರಂಟಿ ಮುಗಿಯುವ ಮೊದಲೇ ಮಾಸಿಹೋಗಬಹುದು.